ಯಾರ ಕೂಸೋ, ಯಾರ ತೊಡೆಯೋ

ಪಾಲಿ ಪ್ಯಾರಿಶ್ ನ್ಯೂಯಾರ್ಕಿನ ಮರ್ಲಿನ್ ಎಂಬವರ ಭಾರಿ ಅಂಗಡಿಯಲ್ಲಿ ಆಟಿಕೆ ಮಾರುವ ಹುಡುಗಿ. ಕೀಲಿ ಕೊಟ್ಟರೆ ಕ್ವಾಕ್ ಎನ್ನುತ್ತ ನಡೆಯುವ ಡೊನಾಲ್ಡ್ ಡಕ್ ಬಾತುಗಳ ವಿಭಾಗ ಅವಳದು. ಕ್ರಿಸ್‌ಮಸ್ ವ್ಯಾಪಾರಕ್ಕೆಂದು ತೆಗೆದುಕೊಂಡಿದ್ದರು, ಹಬ್ಬ ಮುಗಿಯುತ್ತ ಬಂತು, ಇನ್ನು ನೀನು ಬೇಡ ಎಂಬ ಚೀಟಿ ಕೈಗೆ ಬಂತು. ಊಟದ ಬಿಡುವಿನಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೊರಟವಳ ಕಣ್ಣಿಗೆ ಬೀಳುವುದು ಅನಾಥಾಲಯದ ಮೆಟ್ಟಿಲು. ಯಾರೋ ಹೆಂಗಸು ಮಗುವೊಂದನ್ನು ಅಲ್ಲಿಟ್ಟು ಹೋಗುತ್ತಾಳೆ. ಮಗು ಇನ್ನೇನು ಉರುಳಿಬೀಳಬೇಕು, ಪಾಲಿ ಓಡಿಹೋಗಿ ಎತ್ತಿಕೊಳ್ಳುತ್ತಾಳೆ. ಅದೇ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಒಳಗಿನವರ ಕಣ್ಣಿಗೆ ಕಂಡದ್ದು ಇಷ್ಟೇ: ಮೆಟ್ಟಿಲು, ಮಗು, ಹುಡುಗಿ. ಅಲ್ಲಿಗೆ ಅವಳು ತಾಯಿಯಾಗಿ ಆಯಿತು.

ನನ್ನದಲ್ಲ ಅಂದಷ್ಟೂ ಅವರಿಗೆ ಅವಳ ಮೇಲೆ ಕನಿಕರ ಹೆಚ್ಚುತ್ತದೆ. ಪಾಪ, ಕೆಲಸ ಹೋದದ್ದಕ್ಕೆ ಮಗುವನ್ನು ಬಿಡಲು ಬಂದಿದ್ದಾಳೆ ಎಂದುಕೊಂಡು ಮಾಲೀಕರ ಮಗ ಡೇವಿಡ್ ಹತ್ತಿರ ಹೋಗಿ ಶಿಫಾರಸು ಮಾಡುತ್ತಾರೆ. ಆತ ಕೆಲಸ ವಾಪಸ್ಸು ಕೊಡುತ್ತಾನೆ, ಸಂಬಳವನ್ನೂ ಏರಿಸುತ್ತಾನೆ, ಜೊತೆಗೆ ಮಗುವನ್ನೂ ಮನೆಗೆ ಕಳಿಸುತ್ತಾನೆ. ಮಗು ಬೇಡ ಎಂದರೆ ಕೆಲಸವೂ ಇಲ್ಲ. ಹೀಗೆ ಹೊಟ್ಟೆಪಾಡಿಗಾಗಿ ತಾಯಿಯಾದವಳ ಕತೆ 1939ರ 'ಬ್ಯಾಚುಲರ್ ಮದರ್'. ನಿರ್ದೇಶಕ ಗಾರ್ಸನ್ ಕೇನಿನ್. ಪಾಲಿಯಾಗಿ ಜಿಂಜರ್ ರಾಜರ್ಸ್, ಡೇವಿಡ್ ಆಗಿ ಡೇವಿಡ್ ನಿವೆನ್, ಅವನಪ್ಪ ಜೆ.ಬಿ. ಮರ್ಲಿನ್ ಆಗಿ ಚಾರ್ಲ್ಸ್ ಕೋಬರ್ನ್. ಯುರೋಪಿನಲ್ಲಿ 1935ರಲ್ಲಿ ಬಂದಿದ್ದ 'ಕ್ಲೈನೆ ಮುಟ್ಟಿ' ಎಂಬ ಚಿತ್ರದ ಹಾಲಿವುಡ್ ಅವತಾರ ಇದು. 1956ರಲ್ಲಿ ಹಾಲಿವುಡ್ಡೇ ಇದನ್ನು ಹಾಡು ಸೇರಿಸಿ ಮತ್ತೊಮ್ಮೆ ತೆಗೆಯಿತು.

ಇದನ್ನು ನಾನು ನೋಡಿದ್ದು ಹೊಸನಗರದ ನಮ್ಮ ಮನೆಯಲ್ಲಿ, ಅಡಿಕೆ ಸುಲಿಯುವ ರಾತ್ರಿ. ಈಗ ಯಂತ್ರ ಬಂದಿದೆ ಅನ್ನಿ, ಆದರೂ ಒಂದಿಷ್ಟು ಅಡಿಕೆ ಕೈಯಲ್ಲೇ ಆಗಬೇಕು ಎಂಬುದು ಅತ್ತೆಯ ಹಟ. ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತರೆ ಅವಳ ಕೈ ಅಡಿಕೆಯನ್ನು ನೋಡದೆಯೇ ಸುಲಿಯುತ್ತದೆ. ಕಣ್ಣು, ಕಿವಿ, ಬಾಯಿ ಮೂರೂ ಖಾಲಿ. ಹಿಂದೆಲ್ಲ ಆ ಖಾಲಿಯನ್ನು ತುಂಬಲು ಊರಿನ ಸುದ್ದಿಗಳಿದ್ದವು. ಯಾರ ಮನೆಯ ಮಗಳು ಯಾಕೆ ತಿಂಗಳುಗಟ್ಟಲೆ ತವರಿನಲ್ಲಿದ್ದಾಳೆ, ಯಾರ ಸಂಬಂಧ ಯಾಕೆ ಮುರಿಯಿತು, ಎಲ್ಲ ತೀರ್ಮಾನವಾಗುತ್ತಿದ್ದುದು ಸಿಪ್ಪೆಯ ರಾಶಿಯ ಎದುರಿಗೆ. ಈಗ ಕೂರುವವರೇ ಕಡಿಮೆ. ಅದಕ್ಕೇ ನಾನು ಲ್ಯಾಪ್‌ಟಾಪ್ ತಂದಿಟ್ಟೆ.

ಅತ್ತೆಗೆ ಇಂಗ್ಲಿಷ್ ಬಾರದು. ಬಾರದ್ದರಿಂದ ಏನೂ ತೊಂದರೆಯಾಗಲಿಲ್ಲ. ಹತ್ತು ನಿಮಿಷದೊಳಗೆ ಕೇಳಿದಳು, "ತನ್ನ ಮಾಣಿ ಅಲ್ಲ ಹೇಳಿ ಬಾಯಿಬಿಟ್ಟು ಹೇಳಲಾಗ್ತಿಲ್ಯನೇ ಅದಕ್ಕೆ?"

"ಹೇಳ್ತಾ ಇದ್ದು ಅತ್ತೆ, ಯಾರೂ ಕೇಳ್ತಾ ಇಲ್ಲೆ."

"ಹಂಗಾರೆ ಸುಮ್ಮನಿರ್ಲಿ. ಮಾಣಿ ಚೊಲೋ ಇದ್ದ."

ಜೆ.ಬಿ. ಮರ್ಲಿನ್ ಕೂಡ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬರುತ್ತಾನೆ. ಮಗುವಿನ ತಂದೆ ನಿಮ್ಮ ಮಗನೇ ಎಂದು ಯಾರೋ ಬರೆದ ಹೆಸರಿಲ್ಲದ ಚೀಟಿ ಅವನ ಕೈಸೇರುತ್ತದೆ. ಇಷ್ಟು ದೊಡ್ಡ ಅಂಗಡಿ ಇದೆ, ಮೊಮ್ಮಗ ಇಲ್ಲ ಎಂಬ ಕೊರಗಿನ ಮುದುಕ ಆತ. ಉದ್ಯಾನದಲ್ಲಿ ಮಗುವನ್ನು ಕಂಡದ್ದೇ ತಡ, ತನ್ನದೇ ಮುಖಲಕ್ಷಣಗಳೆಲ್ಲ ಅವನಿಗೆ ಅಲ್ಲಿ ಕಾಣತೊಡಗುತ್ತವೆ. ಡೇವಿಡ್ ಒಬ್ಬ ಸುಳ್ಳು ತಂದೆಯನ್ನು ಹಿಡಿದು ತರುತ್ತಾನೆ, ಪಾಲಿ ಇನ್ನೊಬ್ಬನನ್ನು ತರುತ್ತಾಳೆ. ಮುದುಕ ಜಗ್ಗುವುದಿಲ್ಲ. ತಂದೆ ಯಾರಾದರೂ ಆಗಲಿ, ಅಜ್ಜ ಮಾತ್ರ ತಾನೇ ಎಂದು ಕೂತುಬಿಡುತ್ತಾನೆ. ಅತ್ತೆ ಕೈಯಲ್ಲಿದ್ದ ಅಡಿಕೆ ಬಿಟ್ಟು ನಕ್ಕದ್ದು ಅಲ್ಲಿ.

ಮುಖದಲ್ಲಿ ಹೋಲಿಕೆ ಹುಡುಕುವುದನ್ನು ಮಲೆನಾಡಿನವರಿಗೆ ಮರ್ಲಿನ್ ಕಲಿಸಬೇಕಾಗಿಲ್ಲ. ಸಾಗರದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಿದ್ದೆ. ಆ ಬಸ್ಸಿನಲ್ಲಿ ಸೀಟು ಸಿಕ್ಕವರಿಗೆಲ್ಲ ಒಂದು ಅಲಿಖಿತ ಕರಾರಿತ್ತು. ನಿಂತವರ ಚೀಲ, ಕೊಡೆ, ಮಗು ಯಾವುದು ಬಂದರೂ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. "ಸ್ವಲ್ಪ ಹಿಡ್ಕಳಿ" ಎಂದು ಒಬ್ಬಾಕೆ ಮಗುವನ್ನು ನನ್ನ ತೊಡೆಗೆ ದಾಟಿಸಿದಳು. ಮುಂದಿನ ನಿಲ್ದಾಣದಲ್ಲಿ ಹತ್ತಿದ ಜನರ ನೂಕಿಗೆ ಅವಳು ಹಿಂದೆಲ್ಲೋ ಸರಿದುಹೋದಳು. ಪಕ್ಕದ ಸೀಟಿಗೆ ಹೊಸದಾಗಿ ಬಂದು ಕೂತ ಅಜ್ಜಿ ವಿಚಾರಣೆ ಶುರುಮಾಡಿದರು.

"ಎಷ್ಟ್ ತಿಂಗ್ಳು ಪಾಪುಗೆ?"

"ಗೊತ್ತಿಲ್ಲ ಅಜ್ಜಿ."

"ಹೆಸರಿಟ್ರಾ?"

"ನನ್ನ ಮಗು ಅಲ್ಲ."

"ಮತ್ಯಾರದ್ದು?"

ತಿರುಗಿ ನೋಡಿದರೆ ತಲೆಗಳು, ತೋಳುಗಳು, ಒಂದು ಬಾಳೆಗೊನೆ. ತಾಯಿ ಎಂಬುವವಳು ಆ ದಟ್ಟಣೆಯಲ್ಲಿ ಕಾಣಲೇ ಇಲ್ಲ. ಅಜ್ಜಿ ನನ್ನ ಕೊರಳು ನೋಡಿದರು, ಕಾಲ್ಬೆರಳು ನೋಡಿದರು, ಕಾಲೇಜಿನ ಪುಸ್ತಕ ನೋಡಿದರು. ಹಿಂದಿನ ಸೀಟಿನವರು ಬಗ್ಗಿ, "ಹುಬ್ಬು ನೋಡಿ, ಥೇಟ್ ಇವಳದ್ದೇ" ಎಂದು ಸಾಕ್ಷಿ ನುಡಿದರು. ಹೊಸನಗರ ಬಂದಾಗ ಆ ಹೆಂಗಸು ನಗುತ್ತ ಬಂದು ಮಗುವನ್ನು ಎತ್ತಿಕೊಂಡು ಹೋದಳು. ಆದರೆ ಅಷ್ಟರಲ್ಲಿ ಅರ್ಧ ಬಸ್ಸು ಇಳಿದುಹೋಗಿತ್ತು. ಮುಂದಿನ ವಾರ ಡೇರಿಗೆ ಹಾಲು ಹಾಕಲು ಹೋದ ಅಮ್ಮನನ್ನು ಯಾರೋ ಕೇಳಿದರಂತೆ, "ಮಗಳು ಸಾಗರದಲ್ಲಿ ಎಲ್ಲ ಆರಾಮಾಗಿದಾಳಾ?" ಆ 'ಎಲ್ಲ' ಎಂಬುದರಲ್ಲಿ ಎಲ್ಲವೂ ಇತ್ತು.

ಸಿನಿಮಾದಲ್ಲಿ ನನಗೆ ಬಹಳ ಇಷ್ಟವಾದದ್ದು ಡೇವಿಡ್ ಮಗು ಸಾಕುವ ಪುಸ್ತಕ ಹಿಡಿದುಕೊಂಡು ಬರುವ ದೃಶ್ಯ. ಪುಸ್ತಕದಲ್ಲಿ ಬರೆದದ್ದೇ ವೇದ ಎಂಬ ಗಾಂಭೀರ್ಯದಲ್ಲಿ ಓದುತ್ತಾನೆ: ಮಗುವಿನ ಊಟವನ್ನು ತೆಳುಬಟ್ಟೆಗೆ ಹಾಕಿ ಹೊಕ್ಕುಳಿಗೆ ಉಜ್ಜಬೇಕು. ಪಾಲಿಗೆ ನಂಬಿಕೆ ಬರುವುದಿಲ್ಲ. ನೋಡಿದರೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿವೆ. ಊಟದ ಅಧ್ಯಾಯ ಶುರುವಾಗಿ ಹೊಕ್ಕುಳ ಅಧ್ಯಾಯದಲ್ಲಿ ಮುಗಿದಿದೆ. ಇದನ್ನು ಅತ್ತೆಗೆ ವಿವರಿಸಿ ಹೇಳಿದಾಗ ಅವಳು ನಗಲಿಲ್ಲ. ಬಜೆ ತೇಯ್ದು ನೆಕ್ಕಿಸುವುದು, ಎಣ್ಣೆ ಹಚ್ಚಿ ನೀಡಿದ ಕಾಲಿನ ಮೇಲೆ ಮಲಗಿಸಿ ಮೀಯಿಸುವುದು, ಮಿಂದ ತಲೆಗೆ ಹೊಗೆ ಹಿಡಿಯುವುದು, ಇದನ್ನೆಲ್ಲ ಒಂದೇ ಒಂದು ಹಾಳೆ ಓದದೆ ಮಾಡಿದವಳು. ಅಷ್ಟು ದೊಡ್ಡ ಊರಿನಲ್ಲಿ ಕೇಳಲು ಒಬ್ಬ ಮುದುಕಿಯೂ ಸಿಗಲಿಲ್ಲವೇ ಎಂಬುದು ಅವಳ ಮರುಕ.

ಹೊರದೇಶದ ಸಿನಿಮಾ ನಮ್ಮ ಕಡೆಯವರಿಗೆ ಹೊಸತಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ರಂಗಸಂಸ್ಥೆಗೆ ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲಿ ಚಿತ್ರಸಮಾಜವನ್ನು ಜೋಡಿಸಿದರು. ಕುರೊಸಾವ, ಡಿ ಸಿಕಾ, ಸತ್ಯಜಿತ್ ರಾಯ್ ಎಂಬ ಹೆಸರುಗಳು ಸಾಗರ ತಾಲ್ಲೂಕಿನ ತೋಟದ ಮನೆಗಳ ಜಗಲಿಯಲ್ಲಿ ಕೊಳೆರೋಗದ ಮಾತಿನ ನಡುವೆ ಓಡಾಡುವಂತಾದದ್ದು ಹಾಗೆ. ಆದರೆ ಲೋಕದ ಶ್ರೇಷ್ಠ ಚಿತ್ರವೆಂದರೆ ಕಣ್ಣು ಒದ್ದೆಯಾಗಬೇಕು ಎಂಬುದೊಂದು ನಮ್ಮೊಳಗೆ ಕೂತುಬಿಟ್ಟಿತು. ನಗಿಸಿದ ದೊಡ್ಡವನೆಂದರೆ ಚಾಪ್ಲಿನ್ ಒಬ್ಬನೇ. ಬೀದಿಯಲ್ಲಿ ಸಿಕ್ಕ ಮಗುವಿಗೆ ತಂದೆಯಾಗಿಬಿಡುವ ಅವನ 1921ರ 'ದಿ ಕಿಡ್' ಕೂಡ ಕೊನೆಗೆ ಅಳಿಸಿಯೇ ಬಿಡುತ್ತದೆ. ಬಾತು ಮಾರುವ ಪಾಲಿಯಂಥವರು ನಮ್ಮ ಪಟ್ಟಿಗೆ ಬರಲಿಲ್ಲ.

ಚಿತ್ರ ಮುಗಿದ ಮೇಲೆ ಅತ್ತೆ ಸಿಪ್ಪೆ ಒತ್ತರಿಸುತ್ತ ಕೇಳಿದಳು, "ಅಲ್ದೇ, ಆ ಮಾಣಿನ ಹೆತ್ತದ್ದರ ಕತೆ ಎಂತ ಆತು?"

ಒಂದೂವರೆ ತಾಸು ನಕ್ಕ ನನಗೆ ಅದು ಹೊಳೆದೇ ಇರಲಿಲ್ಲ. ಮೆಟ್ಟಿಲ ಮೇಲೆ ಮಗುವನ್ನು ಇಟ್ಟುಹೋದ ಮೇಲೆ ಹೆತ್ತವಳ ಸುದ್ದಿಯನ್ನು ಚಿತ್ರ ಎತ್ತುವುದಿಲ್ಲ. ಎತ್ತುವಂತೆಯೂ ಇರಲಿಲ್ಲ. 1934ರಿಂದ ಹಾಲಿವುಡ್ಡಿನಲ್ಲಿ ನೀತಿ ಸಂಹಿತೆ ಬಿಗಿಯಾಗಿ ಜಾರಿಯಲ್ಲಿತ್ತು. ಮದುವೆಯಾಗದೆ ತಾಯಿಯಾದವಳನ್ನು ನಗುನಗುತ್ತ ಸುಖವಾಗಿಡಲು ಅದರಲ್ಲಿ ಅವಕಾಶವಿಲ್ಲ. ಪಾಲಿಯ ವಿಷಯದಲ್ಲಿ ನಾವು ನಕ್ಕದ್ದು ಅವಳು ತಾಯಿಯಲ್ಲ ಎಂಬುದು ನಮಗೆ ಗೊತ್ತಿತ್ತು ಎಂಬ ಒಂದೇ ಧೈರ್ಯದಲ್ಲಿ. ಊರೆಲ್ಲ ತಪ್ಪು ತಿಳಿಯಲಿ, ಪ್ರೇಕ್ಷಕ ಮಾತ್ರ ಸರಿ ತಿಳಿದಿರಬೇಕು. ಆ ಗುಟ್ಟಿನ ಖಾತ್ರಿ ಇಲ್ಲದಿದ್ದರೆ ಇಡೀ ಚಿತ್ರದ ನಗು ಗಂಟಲಲ್ಲೇ ಉಳಿಯುತ್ತಿತ್ತು.

ಅಲ್ಲಿ ಬಿಟ್ಟುಹೋದ ಆ ಹೆಂಗಸಿನ ಕತೆಯನ್ನು ಹೇಳಿದವರು ನಮ್ಮ ನೆರೆಯ ತಾಲ್ಲೂಕಿನವರು. ತೀರ್ಥಹಳ್ಳಿಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಕತೆ ಬರೆದರು, ಅದೇ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿ ಅದನ್ನು 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಆ ವರ್ಷದ ಸ್ವರ್ಣಕಮಲ ಅದಕ್ಕೆ ಬಂತು. 2024ರಲ್ಲಿ ಹೊಸದಾಗಿ ಸಂಸ್ಕರಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ವೇದಪಾಠ ಹೇಳುವ ಉಡುಪರ ಮಗಳು, ಬಾಲವಿಧವೆ ಯಮುನಾ ಬಸುರಿಯಾಗುತ್ತಾಳೆ. ಬದುಕಿರುವಾಗಲೇ ಗಡಿಗೆ ಒಡೆದು ಅವಳ ಶ್ರಾದ್ಧ ನಡೆಯುತ್ತದೆ. ಅಗ್ರಹಾರದಲ್ಲಿ ಅವಳ ಪರವಾಗಿ ನಿಲ್ಲುವ ಒಂದೇ ಜೀವ ನಾಣಿ ಎಂಬ ಪುಟ್ಟ ವಿದ್ಯಾರ್ಥಿ.

ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಮೊದಲರ್ಧದ ಯಂತ್ರ ಒಂದೇ. ಜನ ನೋಡುತ್ತಾರೆ, ಪಿಸುಗುಡುತ್ತಾರೆ, ತೀರ್ಮಾನಿಸುತ್ತಾರೆ. ಹೆಣ್ಣಿನ ಬಾಯಿಂದ ಏನು ಬರುತ್ತದೆ ಎಂದು ಕೇಳುವವರು ನ್ಯೂಯಾರ್ಕಿನಲ್ಲೂ ಇಲ್ಲ, ಅಗ್ರಹಾರದಲ್ಲೂ ಇಲ್ಲ. ದಾರಿ ಕವಲಾಗುವುದು ಆಮೇಲೆ. ಅಲ್ಲಿ ಕೈಯಲ್ಲಿ ಅಧಿಕಾರವಿದ್ದ ಮುದುಕನಿಗೆ ಮಗು ಬೇಕಿತ್ತು. ಇಲ್ಲಿ ಅಧಿಕಾರವಿದ್ದ ಯಾರಿಗೂ ಬೇಕಿರಲಿಲ್ಲ. ಉಡುಪರಿಗೆ ಕುಲ ಬೇಕಿತ್ತು, ಮರ್ಲಿನ್‌ಗೂ ಕುಲವೇ ಬೇಕಿತ್ತು. ಆ ಒಂದೇ ಆಸೆ ಒಂದು ಕಡೆ ತೊಟ್ಟಿಲು ಕಟ್ಟಿತು, ಇನ್ನೊಂದು ಕಡೆ ಗಡಿಗೆ ಒಡೆಯಿತು.

ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ 'ಫಣಿಯಮ್ಮ' ಕಾದಂಬರಿಯಲ್ಲಿ ಇನ್ನೊಂದು ಬಗೆಯ ತಾಯ್ತನ ತೋರಿಸಿದ್ದಾರೆ. ತಾನು ಹೆರಲಿಲ್ಲ, ಗಂಡನ ಮುಖವೂ ಸರಿಯಾಗಿ ನೆನಪಿಲ್ಲ, ಆದರೆ ಇನ್ನೊಬ್ಬಳ ಕಷ್ಟದ ಹೆರಿಗೆಗೆ ಮಡಿಯನ್ನು ಬದಿಗಿಟ್ಟು ಕೈಹಾಕುವ ಧೈರ್ಯ ಆ ಬಾಲವಿಧವೆಗಿದೆ. ತಾಳಮದ್ದಲೆಗೆ ಹೋದರೆ 'ಕರ್ಣಭೇದನ'ದಲ್ಲಿ ಕುಂತಿ ನೀರಿಗೆ ತೇಲಿಬಿಟ್ಟ ಪೆಟ್ಟಿಗೆಯ ಬಗ್ಗೆ ಅರ್ಥಧಾರಿಗಳು ರಾತ್ರಿಯಿಡೀ ವಾದಿಸುತ್ತಾರೆ. ಎಲ್ಲ ಬಲ್ಲವರು ನಾವು. ನಗುವುದೊಂದನ್ನು ಬಿಟ್ಟು.

ಕನ್ನಡದಲ್ಲಿ ನಕ್ಕದ್ದೂ ಉಂಟು. ಫಣಿ ರಾಮಚಂದ್ರರ 1991ರ 'ಗೌರಿ ಗಣೇಶ'ದಲ್ಲಿ ಅನಂತನಾಗ್ ಮಾಡಿದ ಲಂಬೋದರ, ಮಗುವಿನ ತಂದೆ ನೀವೇ ಎಂದು ಶ್ರೀಮಂತರನ್ನು ಹೆದರಿಸುತ್ತ ಓಡಾಡುತ್ತಾನೆ. ಇವತ್ತಿಗೂ ಟಿ.ವಿ.ಯಲ್ಲಿ ಬಂದರೆ ಮನೆಯಲ್ಲಿ ಯಾರೂ ಚಾನೆಲ್ ಬದಲಿಸುವುದಿಲ್ಲ. ಆದರೆ ಅಲ್ಲಿಯೂ ತಾಯಿ ಎನ್ನಲಾದ ಗೌರಿ ಮೊದಲೇ ಸತ್ತುಹೋಗಿದ್ದಾಳೆ. ತಾಯಿ ಬದುಕಿ ಎದುರಿಗೆ ಕೂತಿದ್ದರೆ ಅಷ್ಟು ನಿರಾಳವಾಗಿ ನಗಲು ನಮ್ಮಿಂದ ಆಗುತ್ತಿತ್ತೋ ಇಲ್ಲವೋ.

'ಬ್ಯಾಚುಲರ್ ಮದರ್' ಮಾಡಿದವರೂ ಸಾಮಾನ್ಯರಲ್ಲ. ಕೊನೆಯಲ್ಲಿ ಒಂದು ಕಿತಾಪತಿ ಇಟ್ಟಿದ್ದಾರೆ. ಡೇವಿಡ್ ಪಾಲಿಯನ್ನು ಮದುವೆಯಾಗುತ್ತೇನೆ ಎನ್ನುತ್ತಾನಲ್ಲ, ಆಗಲೂ ಅವನ ತಲೆಯಲ್ಲಿ ಮಗು ಅವಳದೇ. ನಿಜ ತಿಳಿದು ಒಪ್ಪಿದ್ದಲ್ಲ, ತಿಳಿಯದೆಯೇ ಒಪ್ಪಿದ್ದು. ನೀತಿ ಸಂಹಿತೆಯವರು ಪಾಲಿಯ ಶೀಲ ನೋಡಿ ಸಮಾಧಾನಪಟ್ಟುಕೊಂಡರು. ಅವರ ಕಣ್ಣೆದುರೇ ನಾಯಕ ಮದುವೆಯಾಗದ ತಾಯಿಯೊಬ್ಬಳ ಕೈಹಿಡಿದು ಹೊರಟುಹೋದ.

ಅಂಥದೊಂದು ಚಿತ್ರವನ್ನು ನಮ್ಮ ಮೂರು ತಾಲ್ಲೂಕುಗಳಲ್ಲಿ ಯಾರಾದರೂ ತೆಗೆಯಬೇಕು. ಜೆ.ಬಿ. ಮರ್ಲಿನ್ ಪಾತ್ರಕ್ಕೆ ಸಾಗರದ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಸಾಕು. ಸುದ್ದಿ ಹಬ್ಬಿಸಲು ಹೊಸನಗರದ ಬಸ್ಸಿದೆ. ಜಾತ್ರೆಯ ದೃಶ್ಯಕ್ಕೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಇದ್ದೇ ಇದೆ. ಡೊನಾಲ್ಡ್ ಡಕ್ ಬದಲು ಪೀಪಿ ಮಾರಿಸಿದರಾಯಿತು. ಷರತ್ತು ಎರಡೇ. ಮಗು ನಿಜವಾಗಿಯೂ ಆ ಹುಡುಗಿಯದೇ ಆಗಿರಬೇಕು. ಮತ್ತು ಊಟಕ್ಕೆ ಎಲೆ ಹಾಕುವಾಗ ಯಾರೂ ಅವಳನ್ನು ಬೇರೆ ಪಂಕ್ತಿಗೆ ಕಳಿಸಬಾರದು.