ಅಪ್ಪನ ಅರ್ಜಿ, ನನ್ನ ಪಿಟಿಷನ್ನು

ನಮ್ಮಪ್ಪ ಅರ್ಜಿ ಬರೆಯುವವನು. ಮಲೆನಾಡಿನ ಒಂದು ಸಣ್ಣ ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಮಡಚುವ ಮೇಜು ಹಾಕಿಕೊಂಡು ಇಪ್ಪತ್ತೆಂಟು ವರ್ಷಗಳಿಂದ ಕೂರುತ್ತಿದ್ದಾನೆ. ಮಳೆಗಾಲದಲ್ಲಿ ಆ ಮೇಜು ಪಕ್ಕದ ಜೆರಾಕ್ಸ್ ಅಂಗಡಿಯ ಜಗಲಿಗೆ ಬರುತ್ತದೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ವಿಧವಾ ವೇತನ ನಿಂತಿದೆ, ಪಕ್ಕದ ತೋಟದವನು ದಾರಿಗೆ ಬೇಲಿ ಹಾಕಿದ್ದಾನೆ ಎಂದು ಜನ ಬಂದು ಕೂರುತ್ತಾರೆ. ಅವರು ಅರ್ಧ ಗಂಟೆ ಹೇಳಿಕೊಂಡದ್ದನ್ನು ಅಪ್ಪ ಹನ್ನೆರಡು ಸಾಲಿಗೆ ಇಳಿಸುತ್ತಾನೆ. ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ಅವರು ಎದ್ದು ಹೋಗುವಾಗ ಎಲ್ಲರಿಗೂ ಒಂದೇ ಮಾತು: 'ಟಪಾಲಿನಲ್ಲಿ ಕೊಟ್ಟು, ಎರಡನೇ ಪ್ರತಿಗೆ ಸೀಲು ಹಾಕಿಸಿಕೊಂಡು ಬಾ. ಸೀಲು ಬೀಳದಿದ್ರೆ ಕೊಟ್ಟಂಗಲ್ಲ.'

ಇಂಥವನ ಮಗಳಾದ ನಾನು ಪಿಎಚ್.ಡಿ. ಮಾಡುತ್ತಿರುವುದೂ ಅರ್ಜಿಗಳ ಮೇಲೆಯೇ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮುಂದೆ ತಾಲ್ಲೂಕುಗಳ ಪ್ರತಿನಿಧಿಗಳು ಏನೇನು ಬೇಡಿಕೆ ಇಟ್ಟರು ಎಂಬುದು ನನ್ನ ವಿಷಯ. ಹಗಲು ಹಳೆಯ ವರದಿಗಳ ಧೂಳು ಕುಡಿದು ಸಂಜೆ ಹಾಸ್ಟೆಲಿಗೆ ಬಂದರೆ ಫೋನಿನಲ್ಲಿ ಹೊಸ ಕಾಲದ ಅರ್ಜಿಗಳು ಕಾದಿರುತ್ತಿದ್ದವು. ಕೆರೆ ಉಳಿಸಿ, ಫೆಲೋಶಿಪ್ ಹೆಚ್ಚಿಸಿ, ಆ ಮರ ಕಡಿಯಬೇಡಿ. ಮೆಸ್ಸಿನಲ್ಲಿ ಒಂದು ಕೈಯಲ್ಲಿ ಚಪಾತಿ ಹರಿಯುತ್ತ ಇನ್ನೊಂದು ಕೈಯಲ್ಲಿ ಸಹಿ ಹಾಕುತ್ತಿದ್ದೆ. ಒಂದಕ್ಕೆ ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಸಹಿ ಹಾಕಿದ ಮೇಲೆ ಅದು ಏನಾಯಿತು ಎಂದು ಒಂದನ್ನೂ ಹಿಂತಿರುಗಿ ನೋಡಿದವಳಲ್ಲ.

ಇವೆಲ್ಲ ಪ್ರಯೋಜನವಿಲ್ಲದ್ದು ಎಂದು ನಾನು ಹೇಳುತ್ತಿಲ್ಲ. 2015ರಲ್ಲಿ ಇಂಟರ್ನೆಟ್ ಎಲ್ಲರಿಗೂ ಒಂದೇ ಸಮನಾಗಿ ಸಿಗಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಮರುವರ್ಷ ಫೆಬ್ರವರಿಯಲ್ಲಿ, ನೋಡುವ ತಾಣಕ್ಕೆ ತಕ್ಕಂತೆ ಬೇರೆಬೇರೆ ದರ ಹಾಕುವಂತಿಲ್ಲ ಎಂಬ ನಿಯಮ ಬಂತು. ನಮ್ಮ ಬೆಂಗಳೂರಿನಲ್ಲೇ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ ಕಟ್ಟಲು ಹೊರಟಾಗ, 800ಕ್ಕೂ ಹೆಚ್ಚು ಮರಗಳು ಹೋಗುತ್ತವೆ ಎಂದು ಜನ ಆನ್‌ಲೈನಿನಲ್ಲಿ ಸಹಿ ಹಾಕಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ನನ್ನಂಥವರು 'ಸಹಿ ಹಾಕಿದರೆ ಆಗುತ್ತೆ' ಎಂದು ನಂಬಿದ್ದು ಇಂಥವನ್ನು ನೋಡಿಯೇ. ಆ ನಂಬಿಕೆ ಇಟ್ಟುಕೊಂಡೇ ನಾನೂ ಒಂದು ಪಿಟಿಷನ್ ಶುರುಮಾಡಿದೆ.

ವಿಷಯ ನಮ್ಮೂರಿನ ಬಸ್ಸು. ಕೊರೊನಾಕ್ಕೆ ಮುಂಚೆ ಸಂಜೆ ಐದೂವರೆಗೆ ತಾಲ್ಲೂಕಿನಿಂದ ಹೊರಡುತ್ತಿದ್ದ ಬಸ್ಸು ಆಮೇಲೆ ಬರಲೇ ಇಲ್ಲ. ಉಳಿದದ್ದು ಮೂರೂಕಾಲರದ್ದು ಒಂದೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಉಚಿತವಾಯಿತು, ಸರಿ. ಆದರೆ ಹತ್ತುವುದಕ್ಕೆ ಬಸ್ಸು ಬೇಕಲ್ಲ? ಪಿಯುಸಿ ಓದುವ ಹುಡುಗಿಯರು ಕೊನೆಯ ಪೀರಿಯಡ್ ಬಿಟ್ಟು ಓಡಬೇಕಿತ್ತು. ಪಕ್ಕದ ಮನೆಯ ಹುಡುಗಿ ವಿಜ್ಞಾನ ತೆಗೆದುಕೊಂಡಿದ್ದಳು, ಪ್ರಾಕ್ಟಿಕಲ್ ಇದ್ದ ದಿನ ಅವಳಪ್ಪ ಕೂಲಿ ಬಿಟ್ಟು ಯಾರದೋ ಬೈಕು ಕೇಳಿಕೊಂಡು ಕರೆತರಬೇಕು. 'ಅಕ್ಕ, ನೀನು ಯೂನಿವರ್ಸಿಟಿಲಿ ಇದ್ದೀಯಲ್ಲ, ಏನಾದ್ರೂ ಮಾಡಕ್ಕಾಗುತ್ತಾ ನೋಡು' ಎಂದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಪಿಟಿಷನ್ ತಾಣಗಳು ಹೇಗೆ ಬರೆಯಬೇಕೆಂದು ಹೇಳಿಕೊಡುತ್ತವೆ. ಒಬ್ಬ ವ್ಯಕ್ತಿಯ ಕಥೆ ಹೇಳಿ, ಫೋಟೋ ಹಾಕಿ, ಓದುವವರ ಮನಸ್ಸು ಮುಟ್ಟುವಂತಿರಲಿ. ನಾನು ಹಾಗೇ ಮಾಡಿದೆ. ದಸರಾ ರಜೆಯಲ್ಲಿ ತೆಗೆದಿದ್ದ ಅವಳ ಫೋಟೋ ನನ್ನ ಫೋನಿನಲ್ಲಿತ್ತು, ಹಾಕಿದೆ. 'ಹಾಕಲಾ?' ಎಂದು ಕೇಳಿದ್ದೆ, ಅವಳು 'ಹ್ಞೂಂ' ಅಂದಿದ್ದಳು. ಎಲ್ಲಿ, ಯಾರಿಗೆಲ್ಲ ಕಾಣುತ್ತದೆ ಎಂದು ಅವಳಿಗೆ ನಾನು ಬಿಡಿಸಿ ಹೇಳಿರಲಿಲ್ಲ. ಜೊತೆಗೆ, ಪ್ರಾಕ್ಟಿಕಲ್ ತಪ್ಪುತ್ತಿದೆ ಎಂಬ ಸಂಗತಿ ಸಪ್ಪೆ ಎನ್ನಿಸಿ 'ಓದು ನಿಲ್ಲಿಸುವ ಸ್ಥಿತಿಯಲ್ಲಿದ್ದಾಳೆ' ಎಂದು ಬರೆದೆ. ಅದು ನಿಜವಾಗಿರಲಿಲ್ಲ. ಅಷ್ಟು ಕಷ್ಟದಲ್ಲೂ ಅವಳಪ್ಪ ಒಂದು ದಿನವೂ 'ಸಾಕು, ಮನೇಲಿರು' ಎಂದಿರಲಿಲ್ಲ.

ನಾಲ್ಕು ದಿನಕ್ಕೆ 1,140 ಸಹಿ ಬಿತ್ತು. ಬೆಂಗಳೂರು, ಪುಣೆ, ದುಬೈ, ನ್ಯೂಜೆರ್ಸಿ. ಗಂಟೆಗೊಮ್ಮೆ ಫೋನು ತೆಗೆದು ಅಂಕಿ ನೋಡುವುದೇ ನನ್ನ ಸಂಶೋಧನೆಯಾಯಿತು. ಐದನೆಯ ದಿನ ಅಮ್ಮ ಫೋನು ಮಾಡಿದಳು. ಆ ಫೋಟೋ ಯಾರ್‍ಯಾರದೋ ವಾಟ್ಸಾಪ್ ಗುಂಪು ಸುತ್ತಿ ನಮ್ಮ ಹೋಬಳಿಯ ಗುಂಪಿಗೂ ಬಂದಿತ್ತು. ಕೆಳಗೆ ಒಬ್ಬ 'ಪಾಪ' ಅಂದಿದ್ದ, ಇನ್ನೊಬ್ಬ 'ಯಾರ ಮನೆ ಹುಡುಗಿ?' ಎಂದು ಕೇಳಿದ್ದ, ಮತ್ತೊಬ್ಬ ಊರಿನ ಹೆಸರನ್ನೂ ಹಾಕಿದ್ದ. ಅವಳ ದೊಡ್ಡಪ್ಪ ಮನೆಗೆ ಬಂದು 'ಓದಿಸಕ್ಕಾಗಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆಸಿದ್ದೀಯಲ್ಲ' ಎಂದು ಅವಳಪ್ಪನನ್ನು ಬೈದಿದ್ದ. ಮೂರು ದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಬಸ್ಸಿಲ್ಲದೆಯೂ ನಡೆದುಕೊಂಡು ಬಂದಿದ್ದ ಓದು ನನ್ನ ಪಿಟಿಷನ್ನಿನಿಂದ ನಿಂತಿತ್ತು. ನಾನು ಬರೆದ ಸುಳ್ಳು ಆ ಮೂರು ದಿನ ನಿಜವಾಗಿತ್ತು.

ಫೋಟೋ ತೆಗೆದೆ, ಆ ಸಾಲನ್ನೂ ತೆಗೆದೆ. ಅಷ್ಟರಲ್ಲಿ ಅದನ್ನು ಎಷ್ಟು ಜನ ಉಳಿಸಿಕೊಂಡಿದ್ದರೋ. ರಾತ್ರಿ ಬಸ್ಸಿಗೆ ಊರಿಗೆ ಹೋದೆ. ಅವರ ಮನೆಯ ಜಗಲಿಯಲ್ಲಿ ಕೂತು 'ತಪ್ಪಾಯ್ತು ಚಿಕ್ಕಪ್ಪ' ಎಂದೆ. ಅವರು ತುಂಬ ಹೊತ್ತು ಅಡಿಕೆ ಕತ್ತರಿಸುತ್ತಲೇ ಇದ್ದರು. 'ನೀನು ಓದಿದವಳು, ಒಳ್ಳೇದಕ್ಕೇ ಮಾಡಿರ್ತೀಯ. ಒಂದು ಮಾತು ನನ್ನ ಕೇಳಬೇಕಿತ್ತು' ಎಂದರು. ಅಷ್ಟೇ.

ಮನೆಗೆ ಬಂದು ಪಿಟಿಷನ್ನನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಬೈಯಲಿಲ್ಲ, ಕಸುಬಿನವನ ಹಾಗೆ ಪ್ರಶ್ನೆ ಕೇಳಿದ. 'ಇದು ಯಾರಿಗೆ?' ಸಾರಿಗೆ ಸಚಿವರಿಗೆ, ಮುಖ್ಯಮಂತ್ರಿಗೆ. 'ಟ್ರಿಪ್ಪು ಹಾಕೋನು ಡಿಪೋ ಮ್ಯಾನೇಜರ್ರು, ಅವನ ಮೇಲೆ ವಿಭಾಗದ ಆಫೀಸು. ಅವರಿಗೆ ಕೊಟ್ಟಿದ್ದೀಯಾ?' ಇಲ್ಲ. 'ಎಷ್ಟು ಜನ ಹತ್ತುತಾರೆ ಅಂತ ಬರೆದಿದ್ದೀಯಾ?' ಇಲ್ಲ. 'ಸಹಿ ಹಾಕಿದೋರಲ್ಲಿ ಆ ಬಸ್ಸಲ್ಲಿ ಓಡಾಡೋರು ಎಷ್ಟು?' ನಾನು ಉತ್ತರ ಕೊಡಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಹೇಳಿದ: 'ಅರ್ಜಿಲಿ ಕಣ್ಣೀರು ಹಾಕಬಾರದು ಮಗಾ. ಓದೋನಿಗೆ ಪಾಪ ಅನ್ನಿಸಿ ಅಲ್ಲಿಗೇ ಮುಗಿದುಹೋಗುತ್ತೆ. ಅವನು ಮಾಡಲೇಬೇಕಾದ್ದು ಏನು ಅಂತ ಕಾಣಬೇಕು.'

ಆ ರಾತ್ರಿ 1,140 ಹೆಸರುಗಳನ್ನೂ ಒಂದೊಂದಾಗಿ ನೋಡಿದೆ. ನಮ್ಮ ಹೋಬಳಿಯವರು ಎಂದು ತಿಳಿದದ್ದು ಹತ್ತೊಂಬತ್ತು ಜನ. ಆದರೆ ಆ ಹತ್ತೊಂಬತ್ತು ಜನ ನನಗೆ ಬೇರೆ ದಾರಿಯಲ್ಲಿ ಸಿಗುತ್ತಿರಲಿಲ್ಲ. ಒಬ್ಬರು ಅದೇ ಕಾಲೇಜಿನ ಉಪನ್ಯಾಸಕಿ. ಕೊನೆಯ ಪೀರಿಯಡ್ಡಿಗೆ ಯಾವ ಯಾವ ಊರಿನ ಮಕ್ಕಳು ಇರುವುದಿಲ್ಲ ಎಂದು ಹಾಜರಿ ನೋಡಿ ಪಟ್ಟಿ ಮಾಡಿಕೊಟ್ಟರು. ಇನ್ನೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಅವನ ತಾಯಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ತಾಲ್ಲೂಕಿಗೆ ಬಂದು ಸಂಜೆ ಆಟೋಗೆ ದುಡ್ಡು ಸುರಿಯುತ್ತಿದ್ದಳು. ಹೀಗೆ ಒಬ್ಬರಿಂದ ಒಬ್ಬರು ಸಿಕ್ಕಿ, ನಾಲ್ಕು ಊರಿನಿಂದ ದಿನಾ ಸಂಜೆ ಬರುವ ಅರವತ್ತೆರಡು ಜನರ ಪಟ್ಟಿಯಾಯಿತು. ಅಪ್ಪ ಹನ್ನೆರಡು ಸಾಲು ಬರೆದ. ಅದರಲ್ಲಿ ಯಾರ ಕಥೆಯೂ ಇರಲಿಲ್ಲ. ಯಾವ ಊರಿನಿಂದ ಎಷ್ಟು ಜನ, ಎಷ್ಟು ಗಂಟೆಗೆ, ಯಾವ ದಾರಿ, ಇಷ್ಟೇ. ಪಕ್ಕದ ಮನೆಯ ಚಿಕ್ಕಪ್ಪನೂ ಸಹಿ ಹಾಕಿದರು. ಹನ್ನೊಂದು ಜನ ಡಿಪೋಗೆ ಹೋಗಿ ಕೊಟ್ಟು, ಎರಡನೇ ಪ್ರತಿಗೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬಂದೆವು. ಆನ್‌ಲೈನಿನ ಸಹಿಗಳ ಪಟ್ಟಿಯನ್ನೂ ಮುದ್ರಿಸಿ ಹಿಂದೆ ಪಿನ್ನು ಹೊಡೆದಿದ್ದೆ. ಮ್ಯಾನೇಜರು ಅದನ್ನು ತಿರುವಿ ಹಾಕಿ, ಅರವತ್ತೆರಡರ ಪಟ್ಟಿಯನ್ನು ಮಾತ್ರ ನಿಧಾನಕ್ಕೆ ಓದಿದರು.

ಆಮೇಲೆ ನನ್ನ ಹಳೆಯ ಉದಾಹರಣೆಗಳನ್ನೇ ಮತ್ತೆ ನೋಡಿದೆ. ಇಂಟರ್ನೆಟ್ಟಿನ ವಿಷಯದಲ್ಲಿ ಪ್ರಾಧಿಕಾರವೇ 20 ಪ್ರಶ್ನೆಗಳನ್ನು ಮುಂದಿಟ್ಟು, ಕೊನೆಯ ದಿನಾಂಕ ಕೊಟ್ಟು ಅಭಿಪ್ರಾಯ ಕೇಳಿತ್ತು. ಜನ ಕಳಿಸಿದ್ದು ಆ ಪ್ರಶ್ನೆಗಳಿಗೆ ಉತ್ತರ. ಉಕ್ಕಿನ ಸೇತುವೆಯ ವಿಷಯದಲ್ಲಿ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಅದೇ ದಾರಿಯುದ್ದಕ್ಕೂ ಕೈಕೈ ಹಿಡಿದು ನಿಂತಿದ್ದರು, ಹಸಿರು ನ್ಯಾಯಮಂಡಳಿಗೂ ಹೋಗಿ ತಡೆ ತಂದಿದ್ದರು. ಸಹಿ ಎಂಬುದು ಆ ಎಲ್ಲದರ ಒಂದು ತುದಿ. ನಾನು ತುದಿಯನ್ನಷ್ಟೇ ಕಂಡು ಅದೇ ಮರ ಎಂದುಕೊಂಡಿದ್ದೆ. ಬ್ರಿಟನ್ನಿನ ಸಂಸತ್ತಿನ ಅರ್ಜಿ ತಾಣದಲ್ಲಿ 10,000 ಸಹಿಯಾದರೆ ಸರ್ಕಾರ ಉತ್ತರ ಕೊಡುತ್ತದೆ, ಒಂದು ಲಕ್ಷವಾದರೆ ಚರ್ಚೆಗೆ ಪರಿಗಣಿಸುತ್ತಾರೆ. 2019ರಲ್ಲಿ ಬ್ರೆಕ್ಸಿಟ್ ಬೇಡ ಎಂದು 60 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 'ಆಗುವುದಿಲ್ಲ' ಎಂಬ ಉತ್ತರ ಬಂತು. ಸೋತರೂ ಅಲ್ಲಿ ಕೇಳಿಸಿಕೊಂಡವರು ಯಾರು ಎಂಬುದು ದಾಖಲಾಯಿತು. ನೂರು ವರ್ಷದ ಹಿಂದಿನ ಬೇಡಿಕೆಗಳನ್ನು ನಾನು ಇವತ್ತು ಕೂತು ಓದಲು ಆಗುತ್ತಿರುವುದೂ, ಯಾರೋ ಗುಮಾಸ್ತ ಅವನ್ನು ತೆಗೆದುಕೊಂಡು ಬರೆದಿಟ್ಟ ಕಾರಣಕ್ಕೆ. ನನ್ನ 1,140 ಸಹಿಯನ್ನು ಯಾರೂ ತೆಗೆದುಕೊಂಡಿರಲಿಲ್ಲ.

ಎರಡು ತಿಂಗಳಲ್ಲಿ ಮೂರು ಸಲ ಅಪ್ಪ ಆ ಇನ್‌ವರ್ಡ್ ನಂಬರ್ ಹಿಡಿದು ಡಿಪೋಗೆ ಹೋಗಿ ಬಂದ. ಈಗ ಐದೂಕಾಲಿಗೆ ಒಂದು ಬಸ್ಸು ಇದೆ. 'ಪ್ರಾಯೋಗಿಕವಾಗಿ' ಎಂದು ಹೇಳಿದ್ದಾರೆ. ಅದು ನಮ್ಮೂರಿಗೆ ಬರುವುದಿಲ್ಲ, ಎರಡು ಕಿಲೋಮೀಟರ್ ಹಿಂದಿನ ಕ್ರಾಸಿಗೆ ತಿರುಗಿ ಹೋಗುತ್ತದೆ. ರಸ್ತೆ ಕಿರಿದು ಎಂಬುದು ಕಾರಣ.

ಕಳೆದ ತಿಂಗಳು ಊರಿಗೆ ಹೋದಾಗ ಪಕ್ಕದ ಮನೆಯ ಹುಡುಗಿ ನಮ್ಮ ಜಗಲಿಯಲ್ಲಿ ಅಪ್ಪನ ಎದುರು ಕೂತಿದ್ದಳು. ಆ ಎರಡು ಕಿಲೋಮೀಟರಿನ ಅರ್ಜಿ, ಈ ಸಲ ಪಂಚಾಯಿತಿಗೆ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಅವಳೇ ಬರೆಯುತ್ತಿದ್ದಳು, ಅಪ್ಪ ಕಾಗುಣಿತ ತಿದ್ದುತ್ತಿದ್ದ. ಅವಳು ನನ್ನ ಜೊತೆ ಮೊದಲಿನ ಹಾಗೆ ಮಾತಾಡಲು ಶುರುಮಾಡಿ ಇನ್ನೂ ಹೆಚ್ಚು ದಿನವಾಗಿಲ್ಲ. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ.

'ಅಕ್ಕ, ಇದಕ್ಕೆ ಲಿಂಕು ಗಿಂಕು ಬೇಡ' ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. 'ಸಹಿ ಬೇಕಾದ್ರೆ ಹಾಕು. ಊರಿಗೆ ಬಂದಾಗ ನೀನೂ ಆ ಕ್ರಾಸಿಂದ ನಡೆದೇ ಬರ್ತೀಯಲ್ಲ.'

ಹಾಕಿದೆ. ನನ್ನದು ಇಪ್ಪತ್ತಮೂರನೆಯದು.