ಚೀಟಿಯ ಮೇಲಿನ ಊರು

ನಮ್ಮ ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಏಳನೆಯ ತರಗತಿಗೆ ಬರುವಷ್ಟರಲ್ಲಿ ನೆರೆಹೊರೆಯವರ ಅರ್ಜಿ, ಲಗ್ನಪತ್ರಿಕೆಗಳ ವಿಳಾಸ ಎಲ್ಲವೂ ನನ್ನ ಪಾಲಿಗೆ ಬಂದಿದ್ದವು. ಅಪ್ಪ ಮೂಟೆ ಹೊರುತ್ತಿದ್ದ ಅಂಗಡಿಯ ಸಾಹುಕಾರರು ಒಂದು ದಿನ ನನ್ನನ್ನು ಕರೆದು, ಕಾಫಿಪುಡಿಯ ಪೊಟ್ಟಣಗಳಿಗೆ ಅಂಟಿಸಲು ನೂರು ಚೀಟಿ ಬರೆಯಹೇಳಿದರು: 'ಅಪ್ಪಟ ಚಿಕ್ಕಮಗಳೂರು ಕಾಫಿ.'

"ಇದು ಅಲ್ಲಿಂದಲೇ ಬಂತೇ?" ಎಂದು ಕೇಳಿದೆ.

"ಎಲ್ಲಿಂದ ಬಂದರೇನು ಮಗು, ಜನ ಹೆಸರು ನೋಡಿ ಕೊಳ್ತಾರೆ" ಎಂದು ನಕ್ಕರು.

ಗುಂಡಗಿನ ಅಕ್ಷರಗಳಲ್ಲಿ ಬರೆದುಕೊಟ್ಟೆ. ಬಂದ ಹಣದಲ್ಲಿ ಜಾಮಿಟ್ರಿ ಪೆಟ್ಟಿಗೆ ಕೊಂಡೆ. ಸಂತೆಯ ದಿನ ನಮ್ಮ ಬೀದಿಯ ಅಜ್ಜಿಯೊಬ್ಬರು ಪೊಟ್ಟಣವೊಂದನ್ನು ನನ್ನ ಮುಂದೆ ಹಿಡಿದು, "ಓದಿದ ಹುಡುಗ ನೀನು, ಏನು ಬರೆದೈತೆ ನೋಡಪ್ಪ" ಎಂದರು. ನಾನು ಬರೆದ ಸುಳ್ಳನ್ನು ನಾನೇ ಓದಿ ಹೇಳಿದೆ. ಅವರು ನಂಬಿ, ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಕೊಂಡರು.

ಇದೆಲ್ಲ ಮರೆತೇಹೋಗಿತ್ತು. ಈ ವರ್ಷ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅಮೆರಿಕದ ಇತಿಹಾಸ ಓದುತ್ತಿದ್ದಾಗ 1906ರ ಶುದ್ಧ ಆಹಾರ ಮತ್ತು ಔಷಧ ಕಾಯಿದೆಯ ವಿಷಯ ಬಂದಿತು. ಹಾರ್ವೆ ವೈಲಿ ಎಂಬ ಸರ್ಕಾರಿ ರಸಾಯನಶಾಸ್ತ್ರಜ್ಞರು ವರ್ಷಾನುಗಟ್ಟಲೆ ಹೋರಾಡಿದ ಫಲ ಅದು. ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಅದಕ್ಕೆ ಸಹಿ ಹಾಕಿದರು. ಕಲಬೆರಕೆಯನ್ನಷ್ಟೇ ಅಲ್ಲ, ಸುಳ್ಳು ಚೀಟಿಯನ್ನೂ ಅದು ಅಪರಾಧವೆಂದು ಸಾರಿತು. ಪದಾರ್ಥ ಶುದ್ಧವಾಗಿಯೇ ಇರಲಿ, ಅದು ಹುಟ್ಟಿದ ರಾಜ್ಯವನ್ನೋ ದೇಶವನ್ನೋ ತಪ್ಪಾಗಿ ಬರೆದರೆ, ಸ್ವದೇಶದ ಸರಕನ್ನು ಪರದೇಶದ್ದೆಂದು ತೋರಿಸಿದರೆ, ಶಿಕ್ಷೆ ತಪ್ಪದು. ಸುಮಾತ್ರದ ಕಾಫಿ ಅಲ್ಲಿ 'ಜಾವಾ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಈ ಕಾಯಿದೆಯ ಮೇರೆಗೆ ಅದಕ್ಕೆ ತಡೆ ಬಿದ್ದಿತು. 'ಮೋಕಾ'ದ ಕಥೆ ಇನ್ನೂ ಸ್ವಾರಸ್ಯ. ಮೋಕಾ ಎಂಬುದು ಯೆಮನ್ನಿನ ಬಂದರು. ಕಾಫಿ ಬೆಳೆಯುತ್ತಿದ್ದುದು ಒಳನಾಡಿನ ಗುಡ್ಡಗಳಲ್ಲಿ. ಹೆಸರು ಬಂದದ್ದು ಹಡಗೇರಿದ ಊರಿಗೆ! ಬಾಬಾ ಬುಡನ್ನರು ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯವೂ ಆ ದಿಕ್ಕಿನದೇ.

ನಮ್ಮಲ್ಲಿಯೂ ಕಾಯಿದೆಗೆ ಬರವಿರಲಿಲ್ಲ. 1889ರ ಸರಕು ಗುರುತುಗಳ ಕಾಯಿದೆ, 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಎರಡೂ ಸುಳ್ಳು ಊರನ್ನು ಹೇಳುವುದು ತಪ್ಪೆಂದವು. ಈಗ 2006ರ ಆಹಾರ ಸುರಕ್ಷತಾ ಕಾಯಿದೆಯಿದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತು ದೊರೆಯಿತು. ಊರಿನ ಹೆಸರು ಆ ಊರಿನ ಬೆಳೆಗಾರನ ಆಸ್ತಿ ಎಂದು ಇದರ ಅರ್ಥ. ನಾನು ಕದ್ದದ್ದು ಅವನಿಂದ, ಮೋಸಮಾಡಿದ್ದು ಅಜ್ಜಿಗೆ. ಕಾಯಿದೆಯು ಚೀಟಿಯನ್ನು ಓದಬಲ್ಲವರನ್ನು ಕಾಯುತ್ತದೆ. ಓದಲಾರದವರು ಓದಿದವನನ್ನೇ ನಂಬಬೇಕಷ್ಟೆ.

ರಜದಲ್ಲಿ ಊರಿಗೆ ಹೋದಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಚೀಟಿ ಅಂಟಿಸಿದೋನು ನಾನೇ ಕಣ ಮಗ. ಏನು ಬರೆದೈತೆ ಅಂತ ನಂಗೇನು ಗೊತ್ತು? ನಿನ್ನ ಕೈಬರಹ ಅಂತ ಹಿಗ್ಗಿದ್ದೆ" ಎಂದ.

ನನಗೆ ಉತ್ತರ ತೋಚಲಿಲ್ಲ. ಇನ್ನು ಕೆಲವು ತಿಂಗಳಿಗೆ ವಿಶ್ವವಿದ್ಯಾನಿಲಯದವರು ನನಗೂ ಒಂದು ಚೀಟಿ ಅಂಟಿಸುವರು: 'ಬಿ.ಎ.' ಅಪ್ಪ ಅದನ್ನೂ ಓದಲಾರ. ನೋಡಿ ಹಿಗ್ಗುವುದಂತೂ ಖಂಡಿತ. ಒಳಗಿನ ಸರಕು ಚೀಟಿಗೆ ತಕ್ಕಂತಿದ್ದರೆ ಸಾಕು.