ಹೊಗೆಯ ಸುತ್ತಲಿನ ಬಯಲು

ಸ್ಕಾಟ್ಲೆಂಡಿನ ಐಲಾ ದ್ವೀಪದ ತೆಂಕಣ ದಂಡೆಯಲ್ಲಿ ಪೋರ್ಟ್ ಎಲೆನ್ ಅನ್ನುವ ಪುಟ್ಟ ಊರಿದೆ. ಅಲ್ಲಿಂದ ಕಡಲನ್ನು ಬಲಕ್ಕಿಟ್ಟುಕೊಂಡು ಮೂಡಣದತ್ತ ಐದಾರು ಕಿಲೋಮೀಟರ್ ನಿಧಾನ ನಡೆದರೆ ಒಂದಾದ ಮೇಲೊಂದು ಮೂರು ಡಿಸ್ಟಿಲರಿಗಳು ಸಿಗುತ್ತವೆ. ಲಫ್ರಾಯ್ಗ್, ಲಗವೂಲಿನ್, ಆರ್ಡ್‌ಬೆಗ್. ಮೂರೂ 1815, 1816ರ ಹೊತ್ತಿಗೆ ಶುರುವಾದ ಓರಗೆಯವು. ಮೂರಕ್ಕೂ ಒಂದೇ ಕಡಲು, ಒಂದೇ ಗಾಳಿ, ಒಂದೇ ಬಗೆಯ ಜೌಗುನೆಲ. ಮೂರರ ವಿಸ್ಕಿಯೂ ಹೊಗೆಯದ್ದೇ. ಆದರೂ ಕಣ್ಣು ಮುಚ್ಚಿಕೊಂಡು ಮೂಸಿದರೆ ಇದು ಅದಲ್ಲ, ಅದು ಇದಲ್ಲ ಎಂದು ಮೂಗು ಒಡನೆಯೇ ಬೇರೆ ಮಾಡಿಬಿಡುತ್ತದೆ. ಆ ದಾರಿಯನ್ನು ನಾನು ಕಾಲಲ್ಲಿ ನಡೆದವನಲ್ಲ. ಲೋಟದಲ್ಲಿ ಮಾತ್ರ ಎಷ್ಟೋ ಸಂಜೆ ನಡೆದಿದ್ದೇನೆ. ಇವತ್ತೂ ಹೊರಟಿದ್ದೇನೆ, ಬಿಡುವಿದ್ದರೆ ನೀವೂ ಬನ್ನಿ. ಎಲ್ಲಿಗೂ ಬೇಗ ತಲುಪಬೇಕಾಗಿಲ್ಲ.

ಮೊದಲು ಈ ಹೊಗೆ ಹುಟ್ಟುವ ನೆಲವನ್ನು ತುಸು ಮೆಟ್ಟಿ ನೋಡೋಣ. ನೀರು ನಿಂತ ಜೌಗಿನಲ್ಲಿ ಪಾಚಿಯೂ ಹೆದರ್ ಪೊದೆಯೂ ಹುಲ್ಲೂ ಸಾಯುತ್ತವೆ, ಆದರೆ ಗಾಳಿಯಾಡದ್ದರಿಂದ ಪೂರ್ತಿ ಕೊಳೆಯುವುದಿಲ್ಲ. ಅರೆಕೊಳೆತದ್ದರ ಮೇಲೆ ಅರೆಕೊಳೆತದ್ದು ಕೂತು ವರ್ಷಕ್ಕೆ ಸುಮಾರು 1 ಮಿಲಿಮೀಟರ್ ದಪ್ಪವಾಗುತ್ತದೆ. ಅಂದರೆ ಆಳುದ್ದದ ಗುಂಡಿ ತೋಡಿದವನು ಒಂದೂವರೆ ಸಾವಿರ ವರ್ಷದ ಕೆಳಗೆ ನಿಂತಿರುತ್ತಾನೆ. ಇದೇ ಪೀಟ್. ವಸಂತದಲ್ಲಿ ಉದ್ದನೆಯ ಸಲಿಕೆಯಿಂದ ಇದನ್ನು ಇಟ್ಟಿಗೆಯಂತೆ ಕೊಯ್ದು, ಬೇಸಿಗೆಯ ಬಿಸಿಲುಗಾಳಿಗೆ ಒಟ್ಟಿ ಒಣಗಿಸುತ್ತಾರೆ. ಮೇಲಿನ ಪದರ ನಾರುನಾರು, ಅದು ಹೊಗೆ ಜಾಸ್ತಿ ಕೊಡುತ್ತದೆ. ಅಡಿಯದು ಕಪ್ಪಗೆ ಗಟ್ಟಿ, ಅದರದು ಕಾವು ಜಾಸ್ತಿ. ಮೊಳಕೆ ಬಂದ ಬಾರ್ಲಿ ಇನ್ನೂ ಹಸಿಯಾಗಿರುವಾಗಲೇ ಅದರಡಿ ಪೀಟ್ ಉರಿಸಿದರೆ ಹೊಗೆ ಹೋಗಿ ಕಾಳಿನ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಕಾಳು ಒಣಗಿದ ಮೇಲೆ ಹಿಡಿಯುವುದು ಕಮ್ಮಿ. ಹಸಿತನ ಇರುವ ಆ ಕೆಲವು ಗಂಟೆಗಳಲ್ಲಿ ಹತ್ತಿದ್ದು ಮುಂದೆ ನೆನೆಸುವಿಕೆ, ಹುದುಗು, ಎರಡೆರಡು ಬಾರಿಯ ಭಟ್ಟಿ, ಹತ್ತಾರು ವರ್ಷದ ಪೀಪಾಯಿವಾಸ ಎಲ್ಲವನ್ನೂ ದಾಟಿ ನಮ್ಮ ಲೋಟದವರೆಗೆ ಬರುತ್ತದೆ. ಇಷ್ಟು ಹಟಮಾರಿಯಾದ ಪರಿಮಳ ಇನ್ನೊಂದಿದೆಯೇ ಎಂದು ನನಗೆ ಪ್ರತಿಸಲವೂ ಬೆರಗಾಗುತ್ತದೆ.

ಈ ಹೊಗೆ ಬಡತನದ ಕೂಸು. ಐಲಾದಲ್ಲಿ ಉರಿಸಲು ಮರವಿರಲಿಲ್ಲ, ಕಲ್ಲಿದ್ದಲಿರಲಿಲ್ಲ, ಕಾಲಡಿಯ ಜೌಗಷ್ಟೇ ಇತ್ತು. ಸ್ಕಾಟ್ಲೆಂಡಿನ ಒಳನಾಡಿಗೆ ರೈಲು ಬಂತು, ರೈಲಿನ ಬೆನ್ನಿಗೆ ಕಲ್ಲಿದ್ದಲು ಬಂತು, ಅಲ್ಲಿನ ವಿಸ್ಕಿ ಹೊಗೆಯನ್ನು ಬಿಟ್ಟಿತು. ದ್ವೀಪಗಳಿಗೆ ರೈಲು ಹೋಗಲಿಲ್ಲ, ಅಲ್ಲಿ ಹೊಗೆ ಉಳಿಯಿತು. ಕೈಗೆ ಸಿಕ್ಕಿದ್ದರಲ್ಲೇ ಬೇಯಿಸಿಕೊಂಡ ರುಚಿಗಳ ಮೇಲೆ ನನಗೆ ಮೊದಲಿನಿಂದಲೂ ವಿಶೇಷ ಅಕ್ಕರೆ.

ಹೊಗೆಗೆ ಒಂದು ಅಳತೆಯೂ ಇದೆ. ಬಾರ್ಲಿಯ ಹತ್ತು ಲಕ್ಷ ಪಾಲಿನಲ್ಲಿ ಫೀನಾಲ್ ಎಷ್ಟು ಪಾಲು ಎಂಬ ಲೆಕ್ಕ, ಪಿಪಿಎಂ. ಐಲಾದ ಇನ್ನೊಂದು ಡಿಸ್ಟಿಲರಿ ಬೊಮೋರ್ 25ರ ಆಸುಪಾಸು, ಲಗವೂಲಿನ್ 35, ಲಫ್ರಾಯ್ಗ್ 40 ದಾಟುತ್ತದೆ, ಆರ್ಡ್‌ಬೆಗ್ 55. ಇದೇ ದ್ವೀಪದ ಬ್ರೂಕ್‌ಲ್ಯಾಡಿಯವರು ಆಕ್ಟೊಮೋರ್ ಎಂಬ ಸರಣಿಯಲ್ಲಿ ನೂರನ್ನು ದಾಟಿ, ಒಂದು ಬಾರಿ 309ಕ್ಕೇ ಮುಟ್ಟಿದರು. ಹೊಗೆಪ್ರಿಯರ ಮಾತುಕತೆಯಲ್ಲಿ ಈ ಅಂಕಿಗಳು ಬಹಳ ಓಡಾಡುತ್ತವೆ. ನನಗೇನೋ ಇವುಗಳ ಮೇಲೆ ನಂಬಿಕೆ ಹುಟ್ಟಲೇ ಇಲ್ಲ. ಅದು ಬಾರ್ಲಿಯ ಅಂಕಿ, ವಿಸ್ಕಿಯದಲ್ಲ. ಕಾಳಿನಿಂದ ಲೋಟಕ್ಕೆ ಬರುವ ಹಾದಿಯಲ್ಲಿ ಬಹುಪಾಲು ಹೊಗೆ ಉದುರಿಹೋಗುತ್ತದೆ, ಯಾವುದು ಉದುರಿತು ಯಾವುದು ಉಳಿಯಿತು ಎಂಬುದು ಅಂಕಿಯಲ್ಲಿ ಇರುವುದಿಲ್ಲ. ಆಕ್ಟೊಮೋರ್ ಕುಡಿದಾಗ ನನಗೆ ನೆನಪುಳಿದದ್ದು ಅದರ ಮೆತ್ತನೆಯ ಕಾಳಿನ ಸಿಹಿ. ಹೊಗೆ ಆರ್ಡ್‌ಬೆಗ್‌ನ ಐದಾರು ಪಟ್ಟು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ದಾರಿಯಲ್ಲಿ ಮೊದಲು ಸಿಗುವುದು ಲಫ್ರಾಯ್ಗ್. ಇದನ್ನು ಮೊದಲ ಸಲ ಮೂಸಿದವರು ಬೆಚ್ಚಿ ಲೋಟ ದೂರ ಹಿಡಿಯುತ್ತಾರೆ. ಆಸ್ಪತ್ರೆ! ಅವರು ಹೇಳುವುದು ಸುಳ್ಳಲ್ಲ. ಪೀಟ್ ಹೊಗೆಯಲ್ಲಿರುವ ಫೀನಾಲ್, ಕ್ರೆಸಾಲ್‌ಗಳು ನಮ್ಮ ವಾರ್ಡುಗಳ ನೆಲ ಒರೆಸುವ ಕರಿ ಫಿನಾಯಿಲಿನ ಬಳಗಕ್ಕೇ ಸೇರಿದವು. ಆ ವಾಸನೆಯಲ್ಲಿ ಒಂದು ಶುಭ್ರತೆಯಿದೆ, ಒರೆಸಿ ಒಣಗಿದ ನೆಲದ ತಂಪಿದೆ ಎಂದು ನನ್ನ ಮೂಗು ನಿಧಾನವಾಗಿ ಒಪ್ಪಿಕೊಂಡಿತು. ಅದರ ಹಿಂದೆ ಕಡಲಪಾಚಿಯ ಉಪ್ಪು, ಅದಕ್ಕೂ ಹಿಂದೆ ಬೂರ್ಬನ್ ಪೀಪಾಯಿಯ ವೆನಿಲಾ ಸಿಹಿ. ಈ ಹಟದ ವಿಸ್ಕಿಯನ್ನು ಇಪ್ಪತ್ತನೇ ಶತಮಾನದ ನಡುವಿನಲ್ಲಿ ನಡೆಸಿದವಳು ಬೆಸ್ಸಿ ವಿಲಿಯಮ್ಸನ್. 1934ರಲ್ಲಿ ಗ್ಲಾಸ್ಗೋದಿಂದ ಬೇಸಿಗೆಯ ಟೈಪಿಸ್ಟ್ ಕೆಲಸಕ್ಕೆಂದು ಬಂದ ಹೆಣ್ಣುಮಗಳು. ಕೆಲಸದಲ್ಲಿ ಅದೆಷ್ಟು ನಂಬಿಕೆ ಗಳಿಸಿದಳೆಂದರೆ 1954ರಲ್ಲಿ ಮಾಲೀಕ ಇಯನ್ ಹಂಟರ್ ತೀರಿಕೊಂಡಾಗ ಡಿಸ್ಟಿಲರಿ ಅವಳ ಕೈಗೆ ಬಂತು. ಲಫ್ರಾಯ್ಗ್ ಗುಟುಕರಿಸುವಾಗ ನಾನು ಅವಳನ್ನು ನೆನೆಯುವುದುಂಟು. ಜನರಿಗೆ ಹಿಡಿಸಲಿ ಎಂದು ಈ ವಾಸನೆಯನ್ನು ಸ್ವಲ್ಪ ಸ್ವಲ್ಪವೇ ತೆಳ್ಳಗೆ ಮಾಡಿಬಿಡುವುದು ಎಷ್ಟು ಸುಲಭವಿತ್ತು!

ಪಕ್ಕದ ಲಗವೂಲಿನ್ನಿನವರಿಗೆ ಈ ವಾಸನೆಯ ಮೇಲೆ ಕಣ್ಣು ಬಿದ್ದ ಕತೆಯೊಂದಿದೆ. ಅದರ ಒಡೆಯ ಪೀಟರ್ ಮ್ಯಾಕಿ ಲಫ್ರಾಯ್ಗ್‌ನ ಮಾರಾಟವನ್ನೂ ನೋಡಿಕೊಳ್ಳುತ್ತಿದ್ದ. ಆ ಏಜೆನ್ಸಿ ಕೈತಪ್ಪಿದಾಗ ಕೋರ್ಟಿಗೆ ಹೋದ, ಅಲ್ಲಿಯೂ ಕೆಲಸವಾಗಲಿಲ್ಲ. 1908ರಲ್ಲಿ ತನ್ನ ಅಂಗಳದಲ್ಲೇ ಮಾಲ್ಟ್ ಮಿಲ್ ಎಂಬ ಇನ್ನೊಂದು ಪುಟ್ಟ ಡಿಸ್ಟಿಲರಿ ಕಟ್ಟಿಸಿದ. ಲಫ್ರಾಯ್ಗ್‌ನವುಗಳ ಆಕಾರದ್ದೇ ತಾಮ್ರದ ಹಂಡೆಗಳು, ಅಲ್ಲಿಯದೇ ರೀತಿಯ ಪೀಟ್. ಎಲ್ಲ ನಕಲು ಮಾಡಿದರೂ ಲಫ್ರಾಯ್ಗ್ ಮಾತ್ರ ಇಳಿಯಲಿಲ್ಲ. ಮಾಲ್ಟ್ ಮಿಲ್ 1962ರವರೆಗೆ ತನ್ನದೇ ಬೇರೊಂದು ವಿಸ್ಕಿ ಮಾಡಿಕೊಂಡಿತ್ತು. ಅದನ್ನು ಇವತ್ತು ಕುಡಿದು ನೋಡುವ ಭಾಗ್ಯ ಯಾರಿಗೂ ಇಲ್ಲ. ಕೆನ್ ಲೋಚ್ 2012ರಲ್ಲಿ ಮಾಡಿದ ‘ದಿ ಏಂಜಲ್ಸ್ ಶೇರ್’ ಸಿನಿಮಾ ಸುತ್ತುವುದು ಇದರದೇ ಒಂದು ಕಲ್ಪಿತ ಪೀಪಾಯಿಯ ಸುತ್ತ. ಹೊಗೆ ಬೀಳುವವರೆಗೆ ಎಲ್ಲವೂ ಒಂದೇ, ಹಂಡೆಗೆ ಬಿದ್ದ ಮೇಲೆ ದಾರಿ ಬೇರೆ ಎನ್ನುವ ನನ್ನ ಗುಮಾನಿಗೆ ಮ್ಯಾಕಿಯ ಆ ಐವತ್ತು ಚಿಲ್ಲರೆ ವರ್ಷದ ಪ್ರಯೋಗವೇ ಸಾಕ್ಷಿ.

ಲಗವೂಲಿನ್‌ನ ಹದಿನಾರು ವರ್ಷದ್ದನ್ನು ಲೋಟಕ್ಕೆ ಬಗ್ಗಿಸಿ ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಆಮೇಲೆ ಏಳುವ ಹೊಗೆ ಮಲೆನಾಡಿನ ಬಚ್ಚಲೊಲೆಯದು. ಹೊರಗೆ ಆಷಾಢದ ಮಳೆ, ಒಳಗೆ ಹಂಡೆಯಡಿ ತೇವ ಹಿಡಿದ ಸೋಗೆಯೂ ಅಡಕೆಸಿಪ್ಪೆಯೂ ನಿಧಾನ ಉರಿಯುತ್ತ, ಗಳುವಿನ ಮೇಲಿನ ಟವೆಲಿಗೂ ಗೋಡೆಗೂ ಮೈಗೂ ಹತ್ತಿಕೊಂಡು ಮಧ್ಯಾಹ್ನವಾದರೂ ಬಿಡದ ಆ ದಪ್ಪ ಸಿಹಿಹೊಗೆ. ಇದು ಲಫ್ರಾಯ್ಗ್‌ನ ಹಾಗೆ ಮುಖಕ್ಕೆ ಬಂದು ಹೊಡೆಯುವುದಿಲ್ಲ, ಮೈಮೇಲೆ ಕಂಬಳಿ ಎಳೆಯುತ್ತದೆ. ಅಂಟಂಟು, ಎಣ್ಣೆಣ್ಣೆ, ಒಣದ್ರಾಕ್ಷಿಯಂಥ ಕಪ್ಪುಸಿಹಿ. ಇದನ್ನು ಇಷ್ಟಪಡದವರು ನನಗೆ ಸಿಕ್ಕಿಲ್ಲ. ನನಗೂ ಎಷ್ಟೋ ಕಾಲ ಇದಕ್ಕಿಂತ ಮೇಲಿನದು ಇರಲಿಲ್ಲ.

ದಾರಿಯ ಕೊನೆಗೆ ಆರ್ಡ್‌ಬೆಗ್. ಅಂಕಿಯಲ್ಲಿ ಮೂರರಲ್ಲಿ ದೊಡ್ಡದು, ನಾಲಿಗೆಯಲ್ಲಿ ಅತಿ ಚುರುಕಿನದು. ಮಸಿ, ಡಾಂಬರು, ಅದರ ನಡುವೆ ಎಲ್ಲಿಂದಲೋ ಬಂದ ನಿಂಬೆಹುಳಿ. ಭಟ್ಟಿಯ ಕೊರಳಿಗೆ ಅಲ್ಲೊಂದು ಸಣ್ಣ ಕೊಳವೆ ಕಟ್ಟಿದ್ದಾರೆ. ಏರಿಬಂದ ಭಾರದ ಆವಿಯನ್ನು ಅದು ಮತ್ತೆ ಹಂಡೆಗೆ ಇಳಿಸಿಬಿಡುತ್ತದೆ, ಹಗುರವಾದದ್ದು ಮುಂದೆ ಹೋಗುತ್ತದೆ. ಅಷ್ಟು ಹೊಗೆಯ ನಡುವೆಯೂ ಹಣ್ಣು ಬದುಕಿರುವುದು ಇದರಿಂದ. 1981ರಲ್ಲಿ ಬಾಗಿಲು ಮುಚ್ಚಿ, ಆಮೇಲೆ ಅರ್ಧಂಬರ್ಧ ತೆರೆದು, ಮತ್ತೆ ಮುಚ್ಚಿ, 1997ರಲ್ಲಿ ಗ್ಲೆನ್‌ಮೊರಂಜಿಯವರು ಕೊಂಡ ಮೇಲಷ್ಟೇ ನೆಟ್ಟಗೆ ಉಸಿರಾಡಿದ ಜಾಗ ಇದು. ಆಗೆಲ್ಲ ಹೊಗೆವಿಸ್ಕಿ ಯಾರಿಗೂ ಬೇಡವಾಗಿತ್ತು ಎನ್ನುವುದನ್ನು ಇವತ್ತು ನಂಬುವುದೇ ಕಷ್ಟ. ಹಗಲು ಇನ್ನೂ ಮುಗಿದಿರದ, ಮಾತು ಜೋರಾಗಿರುವ ಕೂಟಕ್ಕೆ ನಾನು ಆರಿಸುವುದು ಇದನ್ನೇ.

ಇಷ್ಟಾದರೂ ನನ್ನ ಮನಸ್ಸು ಮನೆ ಮಾಡಿಕೊಂಡಿರುವುದು ಈ ಮೂರರಲ್ಲಿ ಯಾವುದರಲ್ಲೂ ಅಲ್ಲ. ದ್ವೀಪದ ಇನ್ನೊಂದು ಮಗ್ಗುಲಿಗೆ, ಜುರಾ ದ್ವೀಪಕ್ಕೆ ಎದುರಾಗಿ, ಇಳಿಜಾರಿನ ಬುಡದಲ್ಲಿ 1846ರ ಡಿಸ್ಟಿಲರಿಯೊಂದಿದೆ, ಕುಲ್ ಈಲಾ. ಭಟ್ಟಿಮನೆಯ ಒಂದು ಗೋಡೆ ಪೂರ್ತಿ ಗಾಜು. ಒಳಗೆ ಸಾಲುಸಾಲು ತಾಮ್ರದ ಹಂಡೆ, ಹೊರಗೆ ಸೆಳೆತದ ಕಡಲು, ಆಚೆ ಜುರಾದ ಬೋಳುಗುಡ್ಡಗಳು. ಆ ಜುರಾದ ಬಡಗಣ ತುದಿಯ ಒಂಟಿಮನೆಯಲ್ಲೇ ಜಾರ್ಜ್ ಆರ್ವೆಲ್ ಕಾಯಿಲೆ ಬಿದ್ದು ಎದ್ದು 1948ರಲ್ಲಿ ‘1984’ ಬರೆದು ಮುಗಿಸಿದ್ದು. ಅಷ್ಟು ಉಸಿರುಕಟ್ಟಿಸುವ ಕಾದಂಬರಿ ಅಷ್ಟು ಬಯಲಿನ ಜಾಗದಲ್ಲಿ ಹುಟ್ಟಿದ್ದನ್ನು ನೆನೆದಾಗಲೆಲ್ಲ ನಾನು ತುಸು ಹೊತ್ತು ಅಲ್ಲೇ ನಿಂತುಬಿಡುತ್ತೇನೆ. ಇರಲಿ. ಬಹುಕಾಲ ಕುಲ್ ಈಲಾಕ್ಕೆ ಸ್ವಂತ ಹೆಸರಿನ ಬಾಳು ಇರಲಿಲ್ಲ. ಇಳಿಸಿದ್ದೆಲ್ಲ ಜಾನಿ ವಾಕರ್‌ನಂಥ ಬೆರಕೆಗಳಿಗೆ ಹೊಗೆ ಕೊಡಲು ಹೋಗುತ್ತಿತ್ತು, ಇವತ್ತಿಗೂ ಹೆಚ್ಚಿನದು ಹೋಗುತ್ತದೆ.

ನನ್ನನ್ನು ಕಟ್ಟಿಹಾಕಿದ ಸಂಗತಿ ಇದು. ಕುಲ್ ಈಲಾ, ಲಗವೂಲಿನ್ ಎರಡಕ್ಕೂ ಒಡೆಯರು ಒಬ್ಬರೇ. ಎರಡಕ್ಕೂ ಹೊಗೆಯಾಡಿಸಿದ ಬಾರ್ಲಿ ಬರುವುದು ಪೋರ್ಟ್ ಎಲೆನ್‌ನಲ್ಲಿರುವ ಒಂದೇ ಮಾಲ್ಟ್‌ಮನೆಯಿಂದ, ಹೊಗೆಯ ಅಂಕಿಯೂ ಹೆಚ್ಚುಕಡಿಮೆ ಒಂದೇ. ಲಗವೂಲಿನ್‌ನಲ್ಲಿ ಹಂಡೆಯನ್ನು ಕಂಠಮಟ್ಟ ತುಂಬಿಸಿ ನಿಧಾನ ಇಳಿಸುತ್ತಾರೆ. ಆವಿಗೆ ತಾಮ್ರ ಸವರುವ ಅವಕಾಶ ಕಮ್ಮಿ, ಭಾರದ ಎಣ್ಣೆಯಂಶವೆಲ್ಲ ಜತೆಗೇ ದಾಟಿ ಬರುತ್ತದೆ. ಕುಲ್ ಈಲಾದಲ್ಲಿ ದೊಡ್ಡ ಹಂಡೆಯೊಳಗೆ ಜಾಗ ಬಿಡುತ್ತಾರೆ. ಆವಿ ಆ ಖಾಲಿಯಲ್ಲಿ ಏರಿ, ತಾಮ್ರಕ್ಕೆ ತಾಗಿ, ಬಿದ್ದು, ಮತ್ತೆ ಏರಿ, ಹಗುರಾಗಿ ಹೊರಡುತ್ತದೆ. ಹಂಡೆಯೊಳಗೆ ಬಿಟ್ಟ ಆ ಬಯಲು ಲೋಟದಲ್ಲಿ ಹಾಗೇ ಸಿಗುತ್ತದೆ! ಹನ್ನೆರಡು ವರ್ಷದ ಕುಲ್ ಈಲಾವನ್ನು ಬಾಯಲ್ಲಿ ಹಿಡಿದುಕೊಂಡರೆ ಹೊಗೆ ಒಂದು ಕಡೆ, ಪಿಯರ್ ಹಣ್ಣಿನ ತಂಪು ಒಂದು ಕಡೆ, ತಿಳಿ ಉಪ್ಪು ಇನ್ನೊಂದು ಕಡೆ, ನಡುವೆ ಗಾಳಿ. ಯಾವುದೂ ಯಾವುದನ್ನೂ ತಳ್ಳುವುದಿಲ್ಲ. ಹೊಗೆಯ ಸೊಗಸು ಅದು ಎಷ್ಟಿದೆ ಎನ್ನುವುದರಲ್ಲಿಲ್ಲ, ಅದರ ಸುತ್ತ ಎಷ್ಟು ಬಿಟ್ಟಿದ್ದಾರೆ ಎನ್ನುವುದರಲ್ಲಿದೆ ಅಂತ ನಾನು ಹಟ ಹಿಡಿದಿರುವುದು ಈ ವಿಸ್ಕಿಯ ಬಲದಿಂದ.

ಸ್ಕೈ ದ್ವೀಪದ ಟಾಲಿಸ್ಕರ್ ಬಗ್ಗೆಯೂ ಹೇಳದೆ ಹೋದರೆ ಅನ್ಯಾಯ. ಅದರಲ್ಲಿ ಹೊಗೆ ಸಾಧಾರಣ. ನುಂಗಿದ ಮೇಲೆ ಗಂಟಲ ಕೊನೆಯಲ್ಲಿ ಕರಿಮೆಣಸು ಸಿಡಿಯುತ್ತದೆ, ನಾನು ಕಾಯುವುದೆಲ್ಲ ಆ ಕ್ಷಣಕ್ಕೆ.

ನೀರಿನ ಬಗ್ಗೆ ಕೇಳುವವರುಂಟು. ಹಾಕಿ, ಧಾರಾಳವಾಗಿ ಅಲ್ಲ, ತೊಟ್ಟುತೊಟ್ಟಾಗಿ. ಹೊಗೆಗಂಪಿನ ಮುಖ್ಯ ಅಣುಗಳಲ್ಲೊಂದು ಗ್ವಾಯಕಾಲ್. ಮದ್ಯದ ಅಂಶ ಗಟ್ಟಿಯಿದ್ದಾಗ ಅದು ದ್ರವದ ಒಳಗೇ ಅಡಗಿರುತ್ತದೆ, ನೀರು ಬೆರೆತಂತೆ ಮೇಲ್ಮೈಗೆ ಬರುತ್ತದೆ ಎಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು. ಮೂಗಿಗೆ ಮೊದಲೇ ಗೊತ್ತಿದ್ದದ್ದಕ್ಕೆ ಲೆಕ್ಕದ ಬೆಂಬಲ ಸಿಕ್ಕಿದಾಗ ಆಗುವ ಸಂತೋಷವೇ ಬೇರೆ.

ಇನ್ನು ನಮ್ಮ ಬೆಂಗಳೂರಿನದು. ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಆಗ ಅದನ್ನು ನಡೆಸುತ್ತಿದ್ದ ನೀಲಕಂಠ ಜಗದಾಳೆಯವರ ಆ ಎದೆಗಾರಿಕೆಯನ್ನು ನಾನು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತೇನೆ. ಅವರ ಪೀಟೆಡ್ ವಿಸ್ಕಿಯ ಬಾರ್ಲಿ ಸ್ಕಾಟ್ಲೆಂಡಿನಲ್ಲೇ ಹೊಗೆ ಕುಡಿದು ಹಡಗು ಹತ್ತಿ ಬರುತ್ತದೆ, ಹಂಡೆ ಕಾಣುವುದು ಮಾತ್ರ ಇಲ್ಲಿ. ಆಮೇಲೆ ಬೆಂಗಳೂರಿನ ಹವೆಯ ಕೆಲಸ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾದರೆ ಇಲ್ಲಿ ಹತ್ತು ಹನ್ನೆರಡು. ಹೀಗೆ ಹಾರಿಹೋದದ್ದನ್ನು ವಿಸ್ಕಿಯವರು ದೇವತೆಗಳ ಪಾಲು, ಏಂಜಲ್ಸ್ ಶೇರ್, ಅನ್ನುತ್ತಾರೆ. ಎಂಟು ವರ್ಷ ಉಳಿಸಿ 2013ರಲ್ಲಿ ಹೊರತಂದ ಒಂದು ಮಾಲ್ಟಿಗೆ ಅವರು ‘ಗ್ರೀಡಿ ಏಂಜಲ್ಸ್’ ಎಂದು ಹೆಸರಿಟ್ಟದ್ದು ಅದಕ್ಕೇ. ಈ ಬಿಸಿಲಿಗೆ ಮರ ಬೇಗ ಬೇಗ ಮಾತಾಡುತ್ತದೆ. ಅಮೃತ್ ಪೀಟೆಡ್‌ನಲ್ಲಿ ಹೊಗೆಯ ಜತೆಗೇ ಕಾಳಿನ ಸಿಹಿ, ಕಿತ್ತಳೆ, ಮಸಾಲೆ ಎಲ್ಲವೂ ಒಟ್ಟಿಗೆ ಒಳಬರುತ್ತವೆ, ತುಂಬಿದ ಜಾತ್ರೆ. ನಮ್ಮ ಬಾರ್ಲಿಯದನ್ನೂ ಅವರ ಹೊಗೆಬಾರ್ಲಿಯದನ್ನೂ ಬೇರೆಬೇರೆ ಇಳಿಸಿ ಬೆರೆಸಿದ ಫ್ಯೂಷನ್‌ನಲ್ಲಿ ಹೊಗೆ ಹಿಂದೆ ನಿಂತು ಇಣುಕುತ್ತದೆ, ನನಗೆ ಅದೇ ಹೆಚ್ಚು ಇಷ್ಟ. ಕಂಬೀಪುರದವರು ಒಮ್ಮೆ ಆ ಹೊಗೆಬಾರ್ಲಿಯ ವಿಸ್ಕಿಯನ್ನು ಬಳಸಿ ಬಳಸಿ ಮರದ ಮಾತು ಕಮ್ಮಿಯಾದ ಹಳೇ ಪೀಪಾಯಿಗಳಲ್ಲೇ ಪೂರ್ತಿ ಮಾಗಿಸಿ ಕೊಡಲಿ ಎಂದು ನನಗೆ ಬಹುದಿನದ ಆಸೆ. ಅಂಥ ಬಾಟಲಿ ಬಂದರೆ ಕುಲ್ ಈಲಾದ ಪರ ಹಿಡಿದ ಪಟ್ಟನ್ನು ಸಡಿಲಿಸಲು ನಾನು ತಯಾರಿದ್ದೇನೆ.